ಹಣೆಗಣ್ಣಿನ ಪಿಕಪ್ಪು

ಸಿಂದಗಿಯ ಬಸ್ ನಿಲ್ದಾಣದ ಎದುರಿನ ಚಹದಂಗಡಿಯಲ್ಲಿ ಕುಳಿತು ಅರ್ಧ ತಾಸು ರಸ್ತೆಯ ಕಡೆ ನೋಡಿದರೆ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದೇ ಬರುತ್ತದೆ. ನಮ್ಮ ಭಾಗದಲ್ಲಿ ಯಾವ ಪಿಕಪ್ ಗಾಡಿಯೂ ಕಾರ್ಖಾನೆಯಿಂದ ಬಂದ ರೂಪದಲ್ಲಿ ಉಳಿದಿಲ್ಲ. ಒಂದರ ಹೆಡ್‌ಲೈಟುಗಳಿಗೆ ಕಪ್ಪು ಹುಬ್ಬು ತೀಡಿರುತ್ತಾರೆ, ಇನ್ನೊಂದರ ಮೂತಿಗೆ ಎತ್ತಿನ ಮೂಗುದಾಣದಂಥ ಉಕ್ಕಿನ ಗಾರ್ಡ್ ಬಿಗಿದಿರುತ್ತಾರೆ, ಮತ್ತೊಂದರ ಹೊಟ್ಟೆಯ ಕೆಳಗೆ ನೀಲಿ ದೀಪದ ಪಟ್ಟಿ ಉರಿಯುತ್ತ, ಗಾಡಿ ರಸ್ತೆಯ ಮೇಲೆ ಹೋಗುತ್ತಿದೆಯೋ ನೀರಿನ ಮೇಲೆ ತೇಲುತ್ತಿದೆಯೋ ಎಂಬ ಭ್ರಾಂತಿ ಹುಟ್ಟಿಸುತ್ತದೆ. ಎಲ್ಲಕ್ಕಿಂತ ಸೋಜಿಗದ್ದು ಮಂಜಿನ ದೀಪ. ಮಂಜು ಎಂಬ ಹೆಸರಿನ ಹುಡುಗರು ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಇಬ್ಬರು ಮೂವರು ಇರುತ್ತಾರೆ. ಅವರನ್ನು ಬಿಟ್ಟರೆ ಇಂಡಿ, ಸಿಂದಗಿ ಸೀಮೆಯಲ್ಲಿ ಮಂಜನ್ನು ಕಂಡವರು ಕಡಿಮೆ. ಆದರೂ ಅದನ್ನು ಭೇದಿಸುವ ಹಳದಿ ದೀಪಗಳು ಪ್ರತಿ ಗಾಡಿಯ ಕೆನ್ನೆಯ ಮೇಲೂ ಅರಿಶಿಣದಂತೆ ಹೊಳೆಯುತ್ತಿರುತ್ತವೆ.

ಇದನ್ನೆಲ್ಲ ನೋಡಿ ನಕ್ಕವರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಸಿಂದಗಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಬೆಳಕಿನ ಪ್ರತಿಫಲನವನ್ನು ಇಪ್ಪತ್ತು ವರ್ಷಗಳಿಂದ ಯಾವ ಪ್ರತಿಫಲವನ್ನೂ ಕಾಣದೆ ಬೋಧಿಸುತ್ತ ಬಂದವನು. ವಕ್ರೀಭವನದ ಪಾಠ ಬಂತೆಂದರೆ ನನ್ನ ವಿದ್ಯಾರ್ಥಿಗಳ ಮುಖಗಳೆಲ್ಲ ಒಮ್ಮೆಗೇ ವಕ್ರವಾಗುತ್ತವೆ. ಇಂಥ ನಾನು, ಜ್ಞಾನದ ಬೆಳಕನ್ನು ಹಂಚಲಾಗದಿದ್ದರೂ ಬರೀ ಬೆಳಕನ್ನಾದರೂ ಹಂಚೋಣವೆಂದು ಹೊರಟು, ಒಬ್ಬ ಹೆಣ್ಣುಮಗಳನ್ನು ಹೊಲಕ್ಕೆ ಕೆಡವಿದ ಕಥೆ ಇದು.

ಕಥೆ ಶುರುವಾದದ್ದು ನನ್ನ ತಂಗಿ ಮಾದೇವಿಯಿಂದ. ಆಕೆಯನ್ನು ಕೊಟ್ಟದ್ದು ಇಂಡಿಯ ಸಮೀಪದ ಒಂದು ಹಳ್ಳಿಗೆ. ಗಂಡ ನಿಂಬೆಯ ತೋಟ ನೋಡಿಕೊಂಡರೆ, ಹಣ್ಣನ್ನು ಆರಿಸಿ, ಚೀಲಕ್ಕೆ ತುಂಬಿ, ಪಿಕಪ್ಪಿನಲ್ಲಿ ಹೇರಿಕೊಂಡು ಇಂಡಿಯ ಮಾರುಕಟ್ಟೆಗೆ ಒಯ್ಯುವವಳು ಆಕೆಯೇ. ಗಾಡಿಯನ್ನು ಸ್ವತಃ ಓಡಿಸುತ್ತಾಳೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟಿಯರಿಂಗ್ ಹಿಡಿದು ಕುಳಿತಳೆಂದರೆ ಮಾರುಕಟ್ಟೆಯ ಹಮಾಲರು ತಾವಾಗಿಯೇ ದಾರಿ ಬಿಡುತ್ತಾರೆ. ಕಳೆದ ಬೇಸಿಗೆಯಲ್ಲಿ ಬಸವನ ಬಾಗೇವಾಡಿಯಲ್ಲಿದ್ದ ಆಕೆಯ ಮಗಳಿಗೆ ದಿನ ತುಂಬುತ್ತ ಬಂದಿತ್ತು. ಬಸುರಿ ಪ್ರಯಾಣ ಮಾಡಕೂಡದೆಂದು ಡಾಕ್ಟರು ಹೇಳಿದ್ದರಿಂದ ತಾಯಿಯೇ ಅಲ್ಲಿಗೆ ಹೋಗಬೇಕಾಯಿತು. ನನಗೆ ಶಾಲೆಯ ರಜೆ. ಮಾದೇವಿ ಗಾಡಿಯನ್ನು ನನ್ನ ಮನೆಯ ಮುಂದೆ ತಂದು ನಿಲ್ಲಿಸಿ ಕೀಲಿ ಕೈಗಿಟ್ಟಳು.

"ಅಣ್ಣಾ, ವಾರಕ್ಕ ಎರಡ ಸಲ ತ್ವಾಟಕ್ಕ ಹೋಗಿ ನಿಂಬಿಹಣ್ಣು ಇಂಡಿಗೆ ಮುಟ್ಟಿಸು. ಇನ್ನೊಂದು, ಹಿಂದಿನ ಬಲಗಡೆ ಲೈಟು ಹತ್ತವಲ್ದು. ವೈರಿಂಗ್ ಮಿಸ್ತ್ರಿ ಕಡೆ ಒಯ್ದು ತೋರ್ಸು. ಬ್ಯಾರೆ ಏನೂ ಮಾಡಾಕ ಹೋಗಬ್ಯಾಡ."

ಕೊನೆಯ ವಾಕ್ಯ ನನ್ನನ್ನು ಚುಚ್ಚಿತು. ವಿದ್ಯುತ್ ಮಂಡಲದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಕಣ್ಣು ಮುಚ್ಚಿ ಬಿಡಿಸಬಲ್ಲ ಪುರುಷನಿಗೆ, ಒಂದು ಬಲ್ಬಿಗಾಗಿ ಮಿಸ್ತ್ರಿಯ ಬಳಿ ಹೋಗು ಎಂದರೆ ಹೇಗಾಗಬೇಡ. ಆಕೆಯ ಬಸ್ಸು ತಿರುವಿನಲ್ಲಿ ಮರೆಯಾಗುವ ಮುನ್ನವೇ ನಾನು ಮೊಬೈಲಿನಲ್ಲಿ ಗಾಡಿಯ ದೀಪಗಳನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ವಿಡಿಯೊ ಹುಡುಕತೊಡಗಿದ್ದೆ. ಅದರಲ್ಲೊಬ್ಬ ಶುಭ್ರ ಅಂಗಿಯ ಯುವಕ, ಕೈಗೆ ಒಂದಿಷ್ಟೂ ಮಸಿ ತಾಗದಂತೆ, ಹಾಡೊಂದು ಮುಗಿಯುವಷ್ಟರಲ್ಲಿ ಕೆಲಸ ಮುಗಿಸಿ ಮುಗುಳ್ನಗುತ್ತಿದ್ದ. ನಾನು ಮಧ್ಯಾಹ್ನದವರೆಗೆ ಹೆಣಗಿ ಹಿಂದಿನ ದೀಪದ ಗಾಜು ಬಿಚ್ಚಿದೆ. ಬಲ್ಬು ಸರಿಯಾಗಿಯೇ ಇತ್ತು. ತಪ್ಪು ತಂತಿಯಲ್ಲೆಲ್ಲೋ ಇರಬೇಕು. ಆ ತಂತಿ ಗಾಡಿಯ ಒಡಲೊಳಗೆ ಎಲ್ಲಿ ಹುಟ್ಟಿ ಎಲ್ಲಿ ಲೀನವಾಗುತ್ತದೆಂಬುದು ಮಾತ್ರ ಯಾವ ವಿಡಿಯೊದಲ್ಲೂ ಇರಲಿಲ್ಲ.

ಮರುದಿನ ಹೆಂಡತಿಯನ್ನು ಆಕೆಯ ತವರಾದ ತಾಳಿಕೋಟೆಗೆ ಬಿಟ್ಟುಬರಬೇಕಿತ್ತು. ಗಾಡಿಯಲ್ಲೇ ಹೋದೆವು. ಅಲ್ಲಿ ವಾಹನಗಳ ಅಲಂಕಾರ ಸಾಮಗ್ರಿ ಮಾರುವ ಅಂಗಡಿಯೊಂದನ್ನು ಹೊಕ್ಕು, ಹಿಂದಿನ ದೀಪಕ್ಕೆ ವೈರು ಕೊಡಿ ಎಂದೆ. ಅಂಗಡಿಯವನು ನನ್ನನ್ನೂ, ಹೊರಗೆ ನಿಂತ ಬಡಪಾಯಿ ಗಾಡಿಯನ್ನೂ ಕನಿಕರದಿಂದ ನೋಡಿದ.

"ಹಿಂದಿನ ಲೈಟ್ ಯಾರ ನೋಡ್ತಾರ್ರಿ ಸರ್. ಗಾಡಿಗೆ ಮರ್ಯಾದಿ ಬರೋದು ಮುಂದಿನ ಲೈಟಿಂದ," ಎಂದ. ಎಂದವನೇ ಒಂದು ಮೊಳ ಉದ್ದದ ಎಲ್‌ಇಡಿ ಬಾರನ್ನು ತೆಗೆದು ಬ್ಯಾಟರಿಗೆ ತಾಗಿಸಿದ.

ಅಂಗಡಿಯ ಒಳಗೆ ಸೂರ್ಯೋದಯವಾಯಿತು. ಗೋಡೆಯ ಮೇಲಿನ ಹಲ್ಲಿಯೊಂದು ದಿಕ್ಕೆಟ್ಟು ಓಡಿತು. ನನಗೆ ಅನಿಸಿದ್ದನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ. ಇಪ್ಪತ್ತು ವರ್ಷ ಮೇಣದಬತ್ತಿ ಮತ್ತು ಸಮತಲ ದರ್ಪಣ ಹಿಡಿದು ಬೆಳಕಿನ ಬಗ್ಗೆ ಮಾತಾಡಿದ ನನಗೆ, ಬೆಳಕೆಂಬುದು ಮೊದಲ ಬಾರಿಗೆ ಕೈಗೆ ಸಿಕ್ಕಿತ್ತು. ಹಿಂದಿನ ದೀಪದ ವೈರನ್ನು ಅಲ್ಲೇ ಮರೆತು, ಬಾರನ್ನು ಕೂಸಿನಂತೆ ಎತ್ತಿಕೊಂಡು ಹೊರಬಂದೆ.

ಮುಂದಿನ ಹತ್ತು ದಿನಗಳ ವಿವರ ಹೇಳಲು ಸಂಕೋಚವಾಗುತ್ತದೆ. ಬಾರನ್ನು ತಲೆಯ ಮೇಲೆ ಕೂರಿಸಿದ ಮೇಲೆ ಗಾಡಿಯ ಕೆನ್ನೆಗಳು ಬೋಳಾಗಿ ಕಂಡವು. ಹಾಗಾಗಿ ಮಂಜಿನ ದೀಪ ಬಂದವು. ಕೆನ್ನೆ ತುಂಬಿದ ಮೇಲೆ ಹೊಟ್ಟೆ ಕತ್ತಲಾಯಿತು. ಹಾಗಾಗಿ ನೀಲಿ ಪಟ್ಟಿ ಬಂತು. ಹೆಡ್‌ಲೈಟುಗಳಿಗೆ ಕಪ್ಪು ಹುಬ್ಬು ಬಂತು. ಹಿಂದಕ್ಕೆ ಬರುವಾಗ ಹಾಡುವ ಹಾರ್ನ್ ಬಂತು. ನಿಂಬೆಯ ಚೀಲ ಹೊರುವ ಗಾಡಿಗೆ ಆನೆ ಎದುರಾದರೂ ತಡೆಯಬಲ್ಲ ಗಾರ್ಡ್ ಬಂತು. ಹಿಂದಿನ ಹಲಗೆಯ ಮೇಲೆ ಏನು ಬರೆಸುವುದೆಂಬ ಜಿಜ್ಞಾಸೆಯಲ್ಲಿ ಎರಡು ದಿನ ಕಳೆದವು. ಬೇರೆಯವರಂತೆ ತಾಯಿಯ ಆಶೀರ್ವಾದ, ಗೆಳೆಯರ ಬಳಗ ಎಂದು ಬರೆಸಿದರೆ ನನ್ನ ವಿದ್ವತ್ತಿಗೆ ಏನು ಬೆಲೆ? 'ಬೆಳಕೇ ಬದುಕು' ಎಂದು ಚೀಟಿಯಲ್ಲಿ ಬರೆದು ಮುದ್ದೇಬಿಹಾಳದ ರೇಡಿಯಂ ಅಂಗಡಿಗೆ ಕೊಟ್ಟು ಊಟಕ್ಕೆ ಹೋದೆ. ಮರಳಿ ಬರುವಷ್ಟರಲ್ಲಿ ಹೊಳೆಯುವ ಕೆಂಪು ಅಕ್ಷರಗಳಲ್ಲಿ 'ಬೆಳಕೇ ಬೆದಕು' ಎಂದು ಅಂಟಿಸಿಯಾಗಿತ್ತು. ಕೀಳಲು ಹೋದರೆ ಬಣ್ಣವೂ ಕಿತ್ತುಬರುತ್ತದೆಂದು ಅಂಗಡಿಯವನು ಹೇಳಿದ್ದರಿಂದ ಹಾಗೆಯೇ ಬಿಟ್ಟೆ. ಹುಡುಕಾಡುವ ಬೆಳಕು ಎಂಬ ಅರ್ಥದಲ್ಲಿ ಅದು ಇನ್ನಷ್ಟು ಆಳವಾಗಿದೆ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ.

ತವರಿನಿಂದ ಮರಳಿದ ಹೆಂಡತಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದಳು. "ನಮ್ಮ ಲಗ್ನದಾಗ ಒಂದು ಬಾಸಿಂಗ ಕಟ್ಟಿಕೊಳ್ಳಾಕ ಒಲ್ಲೆ ಅಂದವರು ನೀವ ಅಲ್ಲೇನ್ರಿ," ಎಂದಷ್ಟೇ ಕೇಳಿ ಒಳಗೆ ಹೋದಳು.

ವೈರಿಂಗ್ ಎಲ್ಲವೂ ನನ್ನದೇ ಕೈಚಳಕ. ಸ್ಟಿಯರಿಂಗಿನ ಕೆಳಗೆ ಏಳು ಸ್ವಿಚ್ಚುಗಳ ಒಂದು ಸಾಲನ್ನೇ ಕೂರಿಸಿದ್ದೆ. ಯಾವುದು ಯಾವುದರದೆಂದು ಬರೆದಿಡಬೇಕೆಂದುಕೊಂಡೆ, ಆದರೆ ರಚಿಸಿದವನಿಗೆ ರಚನೆ ಮರೆಯುವುದುಂಟೇ ಎಂದು ಸುಮ್ಮನಾದೆ. ಎಡಕ್ಕೆ ತಿರುಗುವ ಇಂಡಿಕೇಟರ್ ಹಾಕಿದರೆ ಹಾರ್ನ್ ಅರ್ಧ ಹಾಡು ಹಾಡುತ್ತಿತ್ತು, ಬ್ರೇಕ್ ತುಳಿದರೆ ನೀಲಿ ಪಟ್ಟಿ ಕಣ್ಣು ಮಿಟುಕಿಸುತ್ತಿತ್ತು. ಇವನ್ನು ದೋಷಗಳೆನ್ನದೆ ವೈಶಿಷ್ಟ್ಯಗಳೆಂದು ಕರೆದುಕೊಂಡೆ. ಹಿಂದಿನ ಬಲಗಡೆಯ ದೀಪ ಮಾತ್ರ ಇನ್ನೂ ಕತ್ತಲಲ್ಲಿತ್ತು.

ಆ ಸಂಜೆ ಇಂಡಿಯಲ್ಲಿ ನಿಂಬೆ ಇಳಿಸಿ ಸಿಂದಗಿಗೆ ಮರಳುತ್ತಿದ್ದೆ. ಹೊತ್ತು ಆಗಷ್ಟೇ ಮುಳುಗಿ, ಪಡುವಣದಲ್ಲಿ ಇನ್ನೂ ಕೆಂಪಿತ್ತು. ರಸ್ತೆ ನಿಚ್ಚಳವಾಗಿ ಕಾಣುತ್ತಿತ್ತು. ದೀಪದ ಅವಶ್ಯಕತೆಯೇ ಇರಲಿಲ್ಲ. ಆದರೆ ಕನ್ನೊಳ್ಳಿಯ ಹತ್ತಿರ ಬರುವಾಗ ನನ್ನ ಕೈ ತಾನಾಗಿಯೇ ತಲೆಯ ಮೇಲಿನ ಬಾರಿನ ಸ್ವಿಚ್ಚಿಗೆ ಹೋಯಿತು. ರಸ್ತೆ, ಬದಿಯ ಬೇವಿನ ಮರ, ಹರಗಿಬಿಟ್ಟ ಹೊಲ ಎಲ್ಲವೂ ಸುಣ್ಣ ಬಳಿದಂತೆ ಬೆಳ್ಳಗಾದವು. ಎದುರಿನಿಂದ ಒಂದೇ ದೀಪದ ಸಣ್ಣ ಗಾಡಿಯೊಂದು ಬರುತ್ತಿತ್ತು. ಅದು ತನ್ನ ದೀಪವನ್ನು ಪಟಪಟನೆ ಎರಡು ಸಲ ಮಿಟುಕಿಸಿತು.

ಈಗ ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಆ ಮಿಟುಕನ್ನು ನಾನು ಮೆಚ್ಚುಗೆಯೆಂದು ತಿಳಿದೆ. ಯಾರೋ ರಸಿಕ, ನನ್ನ ಗಾಡಿಯನ್ನು ಕಂಡು ಭಲೆ ಅನ್ನುತ್ತಿದ್ದಾನೆ ಎಂದುಕೊಂಡು, ಉತ್ತರವಾಗಿ ಮಂಜಿನ ದೀಪಗಳನ್ನೂ ಹೊತ್ತಿಸಿದೆ. ಎದುರಿನ ಒಂಟಿ ದೀಪ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಲಾಡಿ, ಆಮೇಲೆ ಇಲ್ಲವಾಯಿತು.

ಗಾಡಿ ನಿಲ್ಲಿಸಿ ಓಡಿದೆ. ರಸ್ತೆಯ ಕೆಳಗೆ, ಹರಗಿದ ಹೊಲದ ಹೆಂಟೆಗಳ ನಡುವೆ ಒಂದು ಸ್ಕೂಟಿ ಮಲಗಿತ್ತು. ಅದರಡಿಯಲ್ಲಿ ಎಡಗಾಲು ಸಿಕ್ಕಿಸಿಕೊಂಡು, ಬಿಳಿ ಏಪ್ರನ್ ತೊಟ್ಟ ಹೆಂಗಸೊಬ್ಬರು ಕುಳಿತಿದ್ದರು. ಸುತ್ತಲ ಹಳ್ಳಿಗಳ ಮಕ್ಕಳಿಗೆ ಚುಚ್ಚುಮದ್ದು ಹಾಕುವ, ಬಸುರಿಯರನ್ನು ನೋಡಿಕೊಳ್ಳುವ ಸರಕಾರಿ ನರ್ಸ್ ಹಸೀನಾಬಾನು ಅವರು. ಬಿದ್ದರೂ ಲಸಿಕೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗವಚಿ ಹಿಡಿದಿದ್ದರು. ನಾನು ಸ್ಕೂಟಿಯನ್ನು ಎತ್ತಿದೆ. ಆಕೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಹೇಳಿದರು.

"ಯಾರರೆ ಇರ್ರಿ, ಮೊದಲ ಆ ಲೈಟ್ ಆರಸ್ರಿ."

ಓಡಿಬಂದು ಸ್ವಿಚ್ ಒತ್ತಿದೆ. ನೀಲಿ ಪಟ್ಟಿ ಹೊತ್ತಿಕೊಂಡಿತು. ಇನ್ನೊಂದು ಒತ್ತಿದೆ. ಹಾರ್ನ್ ಹಾಡತೊಡಗಿತು. ಏಳು ಸ್ವಿಚ್ಚುಗಳಲ್ಲಿ ಬಾರಿನದು ಯಾವುದೆಂದು ಆ ಗಾಬರಿಯಲ್ಲಿ ನನಗೆ ಹೊಳೆಯಲಿಲ್ಲ. ಹೊಲದಲ್ಲಿ ಕಾಲು ಮುರಿದುಕೊಂಡ ಹೆಣ್ಣುಮಗಳು ಕುಳಿತಿರುವಾಗ, ನನ್ನ ಗಾಡಿ ಮದುವೆಯ ಮಂಟಪದಂತೆ ಮಿನುಗುತ್ತ ಹಾಡುತ್ತಿತ್ತು. ಕೊನೆಗೆ ಬಾನೆಟ್ ಎತ್ತಿ ಬ್ಯಾಟರಿಯ ವೈರನ್ನೇ ಕಿತ್ತೆಸೆದೆ. ಒಮ್ಮೆಗೇ ಎಲ್ಲವೂ ನಿಂತು, ಸಂಜೆಯ ಮಬ್ಬು ಬೆಳಕು ಮರಳಿ ಬಂತು. ಹಸೀನಾಬಾನು ಮೆಲ್ಲನೆ ಕಣ್ಣು ತೆರೆದರು.

"ಹಾಂ, ಈಗ ಕಾಣಾಕತ್ತು," ಎಂದರು. ಆಮೇಲೆ ನನ್ನನ್ನು ದಿಟ್ಟಿಸಿ ನೋಡಿದರು. "ನೀವು ಸೈನ್ಸ್ ಮಾಸ್ತರ ಅಲ್ಲೇನ್ರಿ? ನನ್ನ ಮಗಳಿಗೆ ಬೆಳಕಿನ ಪಾಠ ಮಾಡಿದವ್ರು ನೀವ ಅಲ್ಲಾ?"

ಹೌದೆಂದು ತಲೆಯಾಡಿಸಿದೆ.

ಏಳೂ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿ, ವೈರು ಮರಳಿ ಸಿಕ್ಕಿಸಿ, ಆಕೆಯನ್ನು ಆಸರೆ ಕೊಟ್ಟು ಕೂರಿಸಿಕೊಂಡು ಸಿಂದಗಿಯ ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಆಕೆ ಹಲ್ಲು ಕಚ್ಚಿ ಕುಳಿತಿದ್ದರು, ಗಾಡಿ ತಗ್ಗಿಗೆ ಇಳಿದಾಗ ಮಾತ್ರ "ಯಾ ಅಲ್ಲಾ" ಎನ್ನುತ್ತಿದ್ದರು. ಪ್ರತಿ ಸಲ ಆ ಧ್ವನಿ ಕೇಳಿದಾಗಲೂ, ನನ್ನ ಇಪ್ಪತ್ತು ವರ್ಷದ ಮಾಸ್ತರಿಕೆಯಿಂದ ಒಂದೊಂದು ವರ್ಷ ಕಳಚಿ ಬೀಳುತ್ತಿರುವಂತೆ ಅನಿಸಿತು. ಪಾದದ ಗಂಟಿನ ಎಲುಬು ಸೀಳಿತ್ತು. ಪ್ಲಾಸ್ಟರ್ ಹಾಕುತ್ತ ಡಾಕ್ಟರು, ಹೇಗಾಯಿತೆಂದು ಕೇಳಿದರು. ಹಸೀನಾಬಾನು ನನ್ನ ಹೆಸರು ಹೇಳಲಿಲ್ಲ.

"ಬೆಳಕು ಜಾಸ್ತಿ ಆಗಿತ್ರಿ," ಎಂದರು.

ಅಲ್ಲಿಗೆ ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಆಕೆ ಹಾಗೆ ಮರೆಮಾಚಿದ್ದೇ ನನಗೆ ಸಹಿಸಲಾಗಲಿಲ್ಲ. "ನನ್ನ ಗಾಡಿಯ ಲೈಟಿನಿಂದ ಆದದ್ದು ಸರ್. ನಾನೇ ಹಾಕಿದ್ದು," ಎಂದೆ. ಡಾಕ್ಟರು ಕಿಟಕಿಯಿಂದ ಹೊರಗೆ ನಿಂತ ಗಾಡಿಯನ್ನು ನೋಡಿದರು. ಪ್ಲಾಸ್ಟರಿನ ಇನ್ನೊಂದು ಸುತ್ತು ಸುತ್ತಿದರು.

ಆರು ವಾರ ಕಾಲೂರಬಾರದು, ರಜೆ ಹಾಕಿ ಮನೆಯಲ್ಲಿರಿ ಎಂದು ಅವರು ಹೇಳಿದಾಗ ಹಸೀನಾಬಾನು ಒಲ್ಲೆನೆಂದು ತಲೆಯಾಡಿಸಿದರು. "ನನ್ನ ಕೆಲಸ ಕೈದೈತ್ರಿ, ಕಾಲಿಂದಲ್ಲ. ಈ ತಿಂಗಳು ಡೋಸ್ ಕೊಡೋ ಕೂಸುಗಳು ಊರೂರಿಗೆ ಅದಾವು. ನಾ ಕುಂತಲ್ಲೇ ಚುಚ್ಚತೇನಿ," ಎಂದು ನನ್ನ ಕಡೆ ತಿರುಗಿದರು. "ಮಾಸ್ತರ, ನಿಮ್ಮ ಮ್ಯಾಲೆ ಕಂಪ್ಲೇಂಟು ಗಿಂಪ್ಲೇಂಟು ಏನೂ ಕೊಡೂದಿಲ್ಲ. ಸೋಮವಾರದಿಂದ ಮುಂಜಾನೆ ಎಂಟಕ್ಕ ಗಾಡಿ ನನ್ನ ಮನಿ ಮುಂದ ಇರ್ಬೇಕು."

ಇದ್ದೆ. ಶಾಲೆಯ ಪ್ರಯೋಗಾಲಯದಿಂದ ಒಂದು ಸ್ಟೂಲು ತಂದು ಗಾಡಿಯ ಬಾಗಿಲಿಗಿಟ್ಟು, ಆಕೆ ಹತ್ತಿ ಕುಳಿತುಕೊಳ್ಳಲು ಮೆಟ್ಟಿಲು ಮಾಡಿದೆ. ಪ್ಲಾಸ್ಟರಿನ ಕಾಲನ್ನು ನಿಂಬೆಯ ಖಾಲಿ ಚೀಲಗಳ ಮೆತ್ತೆಯ ಮೇಲೆ ಚಾಚಿ, ಲಸಿಕೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಕುಳಿತರೆ, ನನ್ನ ಶೃಂಗಾರಗೊಂಡ ರಥ ಹಳ್ಳಿಗಳತ್ತ ಹೊರಡುತ್ತಿತ್ತು. ಊರ ಬಾಯಲ್ಲಿ ಗಾಡಿ ತಿರುಗಿಸುವಾಗ ಹಾರ್ನ್ ಹಾಡಿದ್ದೇ ತಡ, ಮಕ್ಕಳೆಲ್ಲ ಓಡಿ ಬಂದವು. ಹಿಂದೆ ನರ್ಸ್ ಬಂದರೆಂದರೆ ಕಣಜದ ಹಿಂದೆ, ಬಣವೆಯ ಹಿಂದೆ ಅಡಗುತ್ತಿದ್ದ ಕೂಸುಗಳು ತಾವಾಗಿಯೇ ನೀಲಿ ದೀಪ ನೋಡಲು ಮುತ್ತಿಕೊಂಡವು. ಹಸೀನಾಬಾನು ಬಾಗಿಲು ತೆರೆದು ಕುಳಿತಲ್ಲೇ ಒಂದೊಂದನ್ನೇ ಹಿಡಿದು ಚುಚ್ಚಿದರು. ಮಧ್ಯಾಹ್ನದೊಳಗೆ ಡಬ್ಬಿ ಖಾಲಿಯಾಯಿತು.

ನನ್ನ ಅಹಂಕಾರ ಇನ್ನೂ ಸತ್ತಿರಲಿಲ್ಲವೆಂದು ತೋರುತ್ತದೆ. ಮರಳುವಾಗ, "ನೋಡಿದ್ರಾ ಸಿಸ್ಟರ್, ಲೈಟಿನಿಂದ ಉಪಯೋಗವೂ ಇದೆ," ಎಂದೆ. ಆಕೆ ತುಟಿಯಂಚಿನಲ್ಲೇ ನಕ್ಕು, "ಮುಂದಿನ ವಾರ ನೋಡೋಣ್ರಿ," ಎಂದರು.

ಮುಂದಿನ ವಾರ ಅದೇ ಊರಿನ ಬಾಯಲ್ಲಿ ಹಾರ್ನ್ ಹಾಡಿತು. ಬೀದಿಯಲ್ಲಿ ಆಡುತ್ತಿದ್ದ ಅಷ್ಟೂ ಮಕ್ಕಳು ಒಂದು ಕ್ಷಣ ಕಲ್ಲಾಗಿ ನಿಂತು, ಮರುಕ್ಷಣ ಗುಬ್ಬಿಗಳಂತೆ ಚದುರಿ ಮಾಯವಾದವು. ಹಾಡಿನ ಜೊತೆಗೆ ಸೂಜಿ ಬರುತ್ತದೆಂಬ ಪಾಠವನ್ನು ಅವು ಒಂದೇ ಸಲಕ್ಕೆ ಕಲಿತಿದ್ದವು. ನನ್ನ ತರಗತಿಯಲ್ಲಿ ಯಾರೂ ಇಷ್ಟು ಬೇಗ ಏನನ್ನೂ ಕಲಿತದ್ದಿಲ್ಲ. ಬರೀ ಆ ಊರಲ್ಲ, ಸುದ್ದಿ ಹೇಗೆ ಹಬ್ಬಿತೋ, ನಾವು ಅದುವರೆಗೆ ಕಾಲಿಡದಿದ್ದ ಊರುಗಳಲ್ಲೂ ಹಾಡು ಕೇಳಿದೊಡನೆ ಬಾಗಿಲುಗಳು ಮುಚ್ಚಿಕೊಂಡವು. ತಾಯಂದಿರು ಬಂದು ಹಸೀನಾಬಾನು ಅವರನ್ನೇ ತರಾಟೆಗೆ ತೆಗೆದುಕೊಂಡರು. "ಬಾಯಾರ, ಮೊದಲ ನೀವು ಹಗೂರಕ ಬರ್ತಿದ್ರಿ, ನಾವು ಕೂಸಿನ್ನ ಮಾತಾಡಿಸಿ ಹಿಡೀತಿದ್ವಿ. ಈಗ ಎರಡು ಹೊಲದಾಚೆನ ಗೊತ್ತಾಗಿ ಅಡಗತಾವು," ಎಂದು ಒಬ್ಬಾಕೆ ಹೇಳಿದಳು.

ಅಂದು ಸಂಜೆ ಹಾರ್ನ್ ಬಿಚ್ಚಿದೆ. ಆಮೇಲಿನ ದಿನಗಳಲ್ಲಿ ಉಳಿದವೂ ಒಂದೊಂದಾಗಿ ಇಳಿದವು. ಗಾರ್ಡಿನ ತುದಿ ಒಂದು ಇಕ್ಕಟ್ಟಾದ ಓಣಿಯಲ್ಲಿ ಯಾರದೋ ಮನೆಯ ಕಟ್ಟೆಯನ್ನು ಕೆರೆದದ್ದರಿಂದ ಅದು ಹೋಯಿತು. ನೀಲಿ ಪಟ್ಟಿಯನ್ನು ಮೇಕೆಯೊಂದು ಅರ್ಧ ತಿಂದು ಮುಗಿಸಿತು. ಹಣೆಯ ಮೇಲಿನ ಬಾರನ್ನು ಮಾತ್ರ ನಾನು ಮೊದಲ ದಿನವೇ, ಆಸ್ಪತ್ರೆಯಿಂದ ಮನೆಗೆ ಬಂದೊಡನೆ ಇಳಿಸಿ ಅಟ್ಟಕ್ಕೆ ಹಾಕಿದ್ದೆ.

ಇದರ ನಡುವೆ ಮಾದೇವಿ ಬಾಗೇವಾಡಿಯಿಂದ ಬಂದಳು. ಮೊಮ್ಮಗಳು ಹುಟ್ಟಿದ ಸಂಭ್ರಮದಲ್ಲಿ ಪೇಢೆಯ ಡಬ್ಬಿ ಹಿಡಿದು ಬಂದವಳು ಗಾಡಿಯ ಮುಂದೆ ನಿಂತಳು. ಅರ್ಧ ಕಿತ್ತ ಹುಬ್ಬು, ತೂಗುವ ವೈರುಗಳು, ಮೇಕೆ ಮೇದುಳಿದ ಪಟ್ಟಿ, ಎಲ್ಲವನ್ನೂ ನೋಡುತ್ತ ಹಿಂದಕ್ಕೆ ಹೋದಳು. "ಬ್ರೇಕ್ ತುಳಿ," ಎಂದಳು. ತುಳಿದೆ. ಎಡಗಡೆಯ ದೀಪ ಹೊತ್ತಿತು. ಬಲಗಡೆ ಕತ್ತಲೆ.

"ನಾ ಹೇಳಿದ್ದು ಇದೊಂದು," ಎಂದಳು.

ನಾನು ಹಸೀನಾಬಾನು ಅವರ ಕಾಲಿನ ಕಥೆಯನ್ನು ಮುಚ್ಚಿಡದೆ ಹೇಳಿದೆ. ಮಾದೇವಿ ಪೇಢೆಯ ಡಬ್ಬಿಯನ್ನು ಬಾನೆಟ್ಟಿನ ಮೇಲಿಟ್ಟಳು. ಬಾಗೇವಾಡಿಯಲ್ಲಿ ಮಗಳ ಹೆರಿಗೆ ಕಷ್ಟವಾಗಿ, ಒಬ್ಬ ನರ್ಸ್ ಇಡೀ ದಿನ ಪಕ್ಕ ಬಿಡದೆ ಕುಳಿತಿದ್ದನ್ನು ಆಮೇಲೆ ಹೇಳಿದಳು. "ಸಿಸ್ಟರ್ ಕಾಲು ಬರೂತನಕ ಗಾಡಿ ನಿನ್ನ ಕಡೆನ ಇರ್ಲಿ. ಹಣ್ಣು ನಾ ಬಾಡಗಿ ಗಾಡ್ಯಾಗ ಕಳಸ್ತೇನಿ. ಆದ್ರ ಅಣ್ಣಾ, ಇವತ್ತ ಮಿಸ್ತ್ರಿ ಕಡೆ ಹೋಗು." ಹೋದೆ. ಮಿಸ್ತ್ರಿ ನೆಲಕ್ಕೆ ಮಲಗಿ ಒಳಗೆ ತೂರಿ, ನಾನು ಚಹ ಕುಡಿದು ಮುಗಿಸುವಷ್ಟರಲ್ಲಿ ದೀಪ ಹೊತ್ತಿಸಿಕೊಟ್ಟ. ನಾನು ಎಳೆದಿದ್ದ ವೈರುಗಳನ್ನು ಬಿಡಿಸುವುದಕ್ಕೆ ಮಾತ್ರ ಅವನಿಗೆ ಇಡೀ ಮಧ್ಯಾಹ್ನ ಹಿಡಿಯಿತು.

ಆರು ವಾರ ಒಬ್ಬರ ಪಕ್ಕದಲ್ಲಿ ಕುಳಿತು ಓಡಾಡಿದರೆ ಪರಿಚಯ ಸ್ನೇಹವಾಗುತ್ತದೆ. ಹಸೀನಾಬಾನು ಅವರ ಸೀಮೆಯಲ್ಲಿ ಯಾವ ಮನೆಯಲ್ಲಿ ಯಾವ ಕೂಸಿಗೆ ಎಷ್ಟು ತಿಂಗಳೆಂಬುದು ಅವರ ನಾಲಿಗೆಯ ತುದಿಯಲ್ಲಿತ್ತು. ಒಮ್ಮೆ ನಾನು, ಅಂದು ಬಿದ್ದಾಗ ಕೈಯೂರದೆ ಡಬ್ಬಿಯನ್ನೇಕೆ ಹಿಡಿದುಕೊಂಡಿರಿ ಎಂದು ಕೇಳಿದೆ. "ಡಬ್ಬಿ ಒಡದ್ರ ಮರುದಿನ ಅಷ್ಟೂ ತಾಯಂದ್ರು ಕೂಸು ಎತ್ಕೊಂಡು ಬಂದು ಖಾಲಿ ಹೋಗ್ತಿದ್ರು. ಒಮ್ಮೆ ಖಾಲಿ ಹೋದವರು ಮತ್ತ ಬರೂದಿಲ್ರಿ ಮಾಸ್ತರ," ಎಂದರು. ಅದನ್ನು ಹೇಳುವಾಗ ಅವರ ಧ್ವನಿಯಲ್ಲಿ ಯಾವ ಹೆಚ್ಚುಗಾರಿಕೆಯೂ ಇರಲಿಲ್ಲ. ಏಳು ಸ್ವಿಚ್ಚುಗಳ ಒಡೆಯನಾಗಿದ್ದ ನಾನು ಎದುರಿನ ತಗ್ಗನ್ನು ತಪ್ಪಿಸಿ ಗಾಡಿಯನ್ನು ನಿಧಾನಕ್ಕೆ ಓಡಿಸಿದೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ, ಕೋಲು ಹಿಡಿದು ನಡೆಯುವಂತಾದ ವಾರದಲ್ಲಿ ನಮ್ಮ ಕೊನೆಯ ಸುತ್ತು. ಸಂಜೆ ಮರಳುತ್ತಿದ್ದೆವು. ಎದುರಿನ ತಿರುವಿನಲ್ಲಿ ಒಮ್ಮೆಗೇ ಬೆಳ್ಳನೆಯ ಬೆಂಕಿ ಹೊತ್ತಿಕೊಂಡಂತಾಯಿತು. ಗಾಜಿನ ಆಚೆ ರಸ್ತೆಯೇ ಇಲ್ಲವಾಯಿತು. ನಾನು ವೇಗ ತಗ್ಗಿಸಿ, ದೀಪವನ್ನು ಎರಡು ಸಲ ಮಿಟುಕಿಸಿದೆ. ಎದುರಿನವನು ಅದಕ್ಕೆ ಉತ್ತರವಾಗಿ ಕೆನ್ನೆಯ ದೀಪಗಳನ್ನೂ ಹೊತ್ತಿಸಿದ. ಅವನು ಏನು ತಿಳಿದುಕೊಂಡನೆಂದು ಈ ಜಗತ್ತಿನಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಾರರು.

"ಬಾಜೂಕ ನಿಲ್ಲಸ್ರಿ," ಎಂದರು ಹಸೀನಾಬಾನು. ನಾನು ನಿಲ್ಲಿಸುವುದೇ ತಡ, ಕೋಲೂರಿ ಇಳಿದು, ರಸ್ತೆಯ ಅಂಚಿಗೆ ನಿಂತು, ಬಿಳಿ ಏಪ್ರನ್ ಬಿಚ್ಚಿ ಬೀಸತೊಡಗಿದರು. ಗಾಡಿ ಹತ್ತಿರ ಬಂದು ನಿಂತಿತು. ಅದರಿಂದ ಮೂವತ್ತರ ಆಸುಪಾಸಿನ, ದಟ್ಟ ಮೀಸೆಯ ಗಂಡಸೊಬ್ಬ ಇಳಿದು ಬಂದು, ನನ್ನನ್ನು ಕಂಡು ಬಾಗಿ ಕೈಮುಗಿದ.

"ನಮಸ್ಕಾರ್ರಿ ಸರ್. ನಾನ್ರಿ, ಮೋರಟಗಿ ಸಿದ್ದಪ್ಪ. ಹತ್ತನೇ ಕ್ಲಾಸಿನ್ಯಾಗ ಸೈನ್ಸ್ ಎರಡ ಸಲ ಫೇಲ್ ಆಗಿದ್ನಲ್ರಿ."

ನೆನಪಾಯಿತು. ಕೊನೆಯ ಬೆಂಚಿನಲ್ಲಿ ಕುಳಿತು ಇಡೀ ವರ್ಷ ಕಿಟಕಿಯಾಚೆ ನೋಡುತ್ತಿದ್ದವನು. ಅವನ ಗಾಡಿಯನ್ನು ನೋಡಿದೆ. ಹಣೆಯ ಮೇಲೆ ಬಾರು, ಕೆನ್ನೆಗೆ ಮಂಜಿನ ದೀಪ, ಹೊಟ್ಟೆಗೆ ನೀಲಿ ಪಟ್ಟಿ. ನನ್ನ ಗಾಡಿಯಲ್ಲಿ ಎಲ್ಲಿ ಏನಿತ್ತೋ ಇಲ್ಲೂ ಅಲ್ಲಲ್ಲಿಯೇ ಇತ್ತು. ಇದನ್ನೆಲ್ಲ ಎಲ್ಲಿ ಹಾಕಿಸಿದೆ ಎಂದು ಕೇಳಿದೆ.

"ಹಾಕ್ಸಿಲ್ರಿ, ನಾನ ಫಿಟ್ ಮಾಡೀನಿ," ಎಂದ ಸಿದ್ದಪ್ಪ. ಅವನ ಮುಖದಲ್ಲಿ ನಾಚಿಕೆ ಬೆರೆತ ಹೆಮ್ಮೆ ಇತ್ತು. "ಬ್ಯಾಸಗ್ಯಾಗ ನಿಮ್ಮ ಗಾಡಿ ಇಂಡಿ ಮಾರ್ಕೆಟ್ನ್ಯಾಗ ನೋಡಿದ್ನಿರಿ. ಸೈನ್ಸ್ ಮಾಸ್ತರ ಹಾಕ್ಯಾರ ಅಂದ್ರ ಅದು ಲೆಕ್ಕಾಚಾರದ ಪ್ರಕಾರನ ಇರ್ತೈತಿ ಅಂತ ಫೋಟೊ ಹೊಡಕೊಂಡು, ಹಾಂಗ ಹಾಕೀನಿ. ಬರೋಬ್ಬರಿ ಆಗೇತೇನ್ರಿ ಸರ್?"

ಮನೆಗೆಲಸ ತೋರಿಸುವ ವಿದ್ಯಾರ್ಥಿಯಂತೆ ಅವನು ನನ್ನ ಮುಖ ನೋಡುತ್ತ ನಿಂತಿದ್ದ. ಇಪ್ಪತ್ತು ವರ್ಷಗಳಲ್ಲಿ ಬೆಳಕಿನ ಬಗ್ಗೆ ನನ್ನಿಂದ ಒಬ್ಬನಾದರೂ ಏನನ್ನಾದರೂ ಕಲಿತನೆಂಬ ಪುರಾವೆ ಅಂದು ಮೊದಲ ಬಾರಿಗೆ ಸಿಕ್ಕಿತ್ತು, ಅದನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ನನಗೆ ತಿಳಿಯಲಿಲ್ಲ. ಹಸೀನಾಬಾನು ನನ್ನ ಕಡೆ ನೋಡಿದರು. ಇದು ನಾನೇ ಮಾಡಬೇಕಾದ ಪಾಠ ಎಂದು ಅವರು ಬಿಟ್ಟುಕೊಟ್ಟಂತಿತ್ತು.

ಸಿದ್ದಪ್ಪನನ್ನು ಹೆಗಲು ಹಿಡಿದು ಕರೆದೊಯ್ದು, ಅವನದೇ ಗಾಡಿಯಿಂದ ಹತ್ತಿಪ್ಪತ್ತು ಮಾರು ದೂರ, ರಸ್ತೆಯ ಅಂಚಿನಲ್ಲಿ ನಿಲ್ಲಿಸಿದೆ. "ಈಗ ನೀನು ಸ್ಕೂಟಿಯ ಮೇಲೆ ಬರುತ್ತಿದ್ದೀಯ ಎಂದು ತಿಳಿ," ಎಂದೆ. ಅವನ ಗಾಡಿ ಹತ್ತಿ ಬಾರನ್ನು ಹೊತ್ತಿಸಿದೆ. ಅವನು ಮೊದಲು ನಗುತ್ತ ನಿಂತಿದ್ದ. ಆಮೇಲೆ ಅಂಗೈ ಅಡ್ಡ ಹಿಡಿದ. ಆಮೇಲೆ ಮೊಣಕೈಯಿಂದಲೇ ಮುಖ ಮುಚ್ಚಿಕೊಂಡು, ಹಿಂದೆ ಸರಿಯಲು ಹೋಗಿ, ಕಾಲು ಅಂಚಿನಿಂದ ಜಾರಿ ತಡವರಿಸಿದ.

"ಸರ್, ಏನಂದ್ರ ಏನೂ ಕಾಣವಲ್ದರಿ," ಎಂಬ ಅವನ ದನಿ ಬಂತು. ಆರಿಸಿದೆ. ಕಣ್ಣುಜ್ಜುತ್ತ ಬಂದವನಿಗೆ, ಇಂಥದ್ದೇ ಅಂಚಿನಿಂದ ಕೆಳಗೆ ಬಿದ್ದವರು ಯಾರು, ಕೆಡವಿದವನು ಯಾರೆಂದು ಹೇಳಿದೆ. ಅವನು ಹಸೀನಾಬಾನು ಅವರ ಕೋಲನ್ನೂ, ನನ್ನ ಮುಖವನ್ನೂ ಬಾರಿ ಬಾರಿಗೆ ನೋಡಿದ. ಅವನ ಮೂರು ವರ್ಷದ ಮಗಳಿಗೆ ಮೊದಲ ಚುಚ್ಚುಮದ್ದು ಹಾಕಿದವರೂ ಅವರೇ ಎಂದು ಅಲ್ಲಿಯೇ ತಿಳಿಯಿತು.

"ಬಿಚ್ಚೂಣ್ರಿ ಸರ್," ಎಂದ.

ಪಾನಾ ತಂದು ಇಬ್ಬರೂ ಗಾಡಿಯ ತಲೆಯ ಮೇಲೆ ಹತ್ತಿದೆವು. ಮೂರು ಬೋಲ್ಟು ಬಂದವು. ನಾಲ್ಕನೆಯದು ಜಪ್ಪಯ್ಯ ಎನ್ನಲಿಲ್ಲ. ಗುರುವಿನ ಕೆಲಸಕ್ಕಿಂತ ಶಿಷ್ಯನ ಕೆಲಸ ಗಟ್ಟಿಯಾಗಿತ್ತು. ಎಷ್ಟು ಹೆಣಗಿದರೂ ಬಾರು ಒಂದು ತುದಿಯಲ್ಲಿ ಅಂಟಿಕೊಂಡೇ ಇತ್ತು. ಮೋರಟಗಿಯವರೆಗೆ ಇದನ್ನು ಹೊತ್ತಿಸದೆ ಹೋಗುತ್ತೇನೆಂದು ಸಿದ್ದಪ್ಪ ಆಣೆ ಮಾಡಿದ. ಆಣೆಯ ಮೇಲೆ ಹಸೀನಾಬಾನು ಅವರಿಗೆ ವಿಶ್ವಾಸವಿರಲಿಲ್ಲ. ಚೀಲದಿಂದ ಅಗಲವಾದ ಬ್ಯಾಂಡೇಜಿನ ಸುರುಳಿಯೊಂ‍ದನ್ನು ತೆಗೆದು ಮೇಲಕ್ಕೆ ಚಾಚಿದರು.

"ಇದನ್ನ ಸುತ್ರಿ. ನಾಕ ಸುತ್ತು ದಪ್ಪಗ ಬರ್ಲಿ."

ಸುತ್ತಿದೆವು. ಆಕೆ ಕೆಳಗಿನಿಂದ, ಇಲ್ಲಿ ಬಿಗಿ ಮಾಡಿ, ಅಲ್ಲಿ ಮಡಚಿ ಎಂದು ಹೇಳುತ್ತ, ಕೊನೆಗೆ ಅಂಟುಪಟ್ಟಿಯನ್ನೂ ಕೊಟ್ಟರು. ಪೆಟ್ಟು ತಿಂದು ಆಸ್ಪತ್ರೆಯಿಂದ ಆಗಷ್ಟೇ ಹೊರಬಂದವರಂತೆ, ಸಿದ್ದಪ್ಪನ ಪಿಕಪ್ಪು ಹಣೆಗೆ ಬಿಳಿ ಪಟ್ಟಿ ಕಟ್ಟಿಕೊಂಡು ನಿಂತಿತು. ಅವನು ಸ್ಟಿಯರಿಂಗ್ ಹಿಡಿದು ಕುಳಿತು, ಹೊರಡುವ ಮುನ್ನ ಕಿಟಕಿಯಿಂದ ತಲೆ ಹೊರಹಾಕಿ, ಯಾವ ತಮಾಷೆಯೂ ಇಲ್ಲದ ದನಿಯಲ್ಲಿ ಕೇಳಿದ.

"ಸಿಸ್ಟರ್, ಈ ಪಟ್ಟಿ ಎಷ್ಟು ದಿನ ಇರಬೇಕ್ರಿ?"

ಹಸೀನಾಬಾನು ಏಪ್ರನ್ ಕೊಡವಿ ಮತ್ತೆ ತೊಟ್ಟುಕೊಳ್ಳುತ್ತ ನನ್ನ ಕಡೆ ನೋಡಿದರು.

"ಅದು ಮನಷಾನ ಮ್ಯಾಲೆ ಐತಪಾ," ಎಂದರು. "ನಿಮ್ಮ ಮಾಸ್ತರಿಗೆ ಒಂದೂವರಿ ತಿಂಗಳು ಹತ್ತೈತಿ."